ಆಪರೇಷನ್ ಟೇಬಲ್ ಮೇಲೆ ಬಿಪಿ ಇಳಿದಾಗ

ಮಳೆಗಾಲ ಹಿಡಿಯಿತೆಂದರೆ ಮೂಡಿಗೆರೆ, ಕಳಸದ ಮನೆಯಂಗಳಗಳಲ್ಲಿ ಪಾಚಿ ಕಟ್ಟುತ್ತದೆ. ಬಚ್ಚಲಿಗೆ ಹೋಗುವ ಕಲ್ಲುಮೆಟ್ಟಿಲು, ಕೊಟ್ಟಿಗೆಯ ದಾರಿ, ತೋಟಕ್ಕಿಳಿಯುವ ಕಾಲುಹಾದಿ, ಎಲ್ಲವೂ ಜಾರು. ಎಪ್ಪತ್ತು ದಾಟಿದವರು ಹೀಗೆ ಜಾರಿ ಬಿದ್ದರೆ ಎಷ್ಟೋ ಸಲ ಸೊಂಟದ ಕೀಲಿನ ಬಳಿ ತೊಡೆಮೂಳೆ ಮುರಿಯುತ್ತದೆ. ಆಪರೇಷನ್ ಆಗದೆ ಎದ್ದು ಓಡಾಡುವುದು ಕಷ್ಟ.

ಮೂಡಿಗೆರೆಯವರು ಚಿಕ್ಕಮಗಳೂರಿಗೋ ಹಾಸನಕ್ಕೋ ಹೋಗುತ್ತಾರೆ, ಇಲ್ಲವೇ ಚಾರ್ಮಾಡಿ ಘಾಟಿ ಇಳಿಯುತ್ತಾರೆ. ಕಳಸದವರು ಕುದುರೆಮುಖ, ಕಾರ್ಕಳದ ಮೇಲೆ ಮಣಿಪಾಲಕ್ಕೋ ಮಂಗಳೂರಿಗೋ ಹೊರಡುತ್ತಾರೆ. ದಾರಿಯುದ್ದಕ್ಕೂ ನೋವು. ಮುರಿದ ಮೂಳೆಯ ಸುತ್ತ ಒಳಗೊಳಗೇ ರಕ್ತ ಸೋರುತ್ತಿರುತ್ತದೆ. ‘ಆಪರೇಷನ್ ಮಾಡ್ತಾರೇನೋ, ಏನೂ ಕೊಡೋದು ಬೇಡ’ ಎಂದು ಮನೆಯವರು ನೀರನ್ನೂ ಕೊಟ್ಟಿರುವುದಿಲ್ಲ. ಬೆಳಗ್ಗೆ ನುಂಗಿದ ಬಿಪಿ ಮಾತ್ರೆ ಮಾತ್ರ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಅರಿವಳಿಕೆ ಕೊಡುವ ಹೊತ್ತಿಗೆ ಹಿರಿಯರ ದೇಹ ಅರ್ಧ ಸೋತಿರುತ್ತದೆ.

ಇಳಿಯುವುದು ಏಕೆ?

ರಕ್ತನಾಳಗಳನ್ನು ಬಿಗಿಯಾಗಿ ಹಿಡಿದಿಡುವುದು ನರಗಳ ಕೆಲಸ. ಬೆನ್ನಿಗೆ ಇಂಜೆಕ್ಷನ್ ಕೊಟ್ಟಾಗ ನೋವಿನ ನರಗಳ ಜೊತೆಗೆ ಈ ನರಗಳೂ ಮಂಕಾಗುತ್ತವೆ. ನಾಳಗಳು ಸಡಿಲಗೊಂಡು ರಕ್ತ ಕಾಲುಗಳಲ್ಲಿ ನಿಲ್ಲುತ್ತದೆ, ಹೃದಯಕ್ಕೆ ಮರಳುವುದು ಕಡಿಮೆಯಾಗುತ್ತದೆ. ಪೂರ್ಣ ಅರಿವಳಿಕೆಯಲ್ಲೂ ಇದು ತಪ್ಪಿದ್ದಲ್ಲ. ಪ್ರೊಪೊಫಾಲ್‌ನಂಥ ಔಷಧಿ ನಾಳಗಳನ್ನು ಸಡಿಲಿಸುತ್ತದೆ, ಹೃದಯದ ಬಡಿತದ ಬಲವನ್ನೂ ತಗ್ಗಿಸುತ್ತದೆ. ನಿದ್ದೆ ಬರಿಸಿದ ಮೇಲೆ ಕತ್ತಿ ಹಾಕುವ ತನಕದ ಕೆಲವು ನಿಮಿಷಗಳಲ್ಲಿ ಬಿಪಿ ಜರ್‍ರನೆ ಇಳಿಯುವುದುಂಟು.

ಹರೆಯದವರ ಹೃದಯ ಕೂಡಲೇ ವೇಗವಾಗಿ ಬಡಿದು ಸರಿದೂಗಿಸುತ್ತದೆ. ಮುಪ್ಪಿನಲ್ಲಿ ನಾಳಗಳು ಪೆಡಸು, ಹೃದಯಕ್ಕೂ ಆ ಚುರುಕಿಲ್ಲ. ಬೇಸಿಗೆಯಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಬಿಡುವವರಿಗೆ ಇದು ಗೊತ್ತಿರುವ ಸಂಗತಿ: ಮೋಟರಿನ ಒತ್ತಡ ಇಳಿದರೆ ಕೆಳಗಿನ ಜೆಟ್ ಹೇಗೋ ತಿರುಗುತ್ತದೆ, ಗುಡ್ಡದ ನೆತ್ತಿಯ ಜೆಟ್ ನಿಂತುಬಿಡುತ್ತದೆ. ದೇಹದಲ್ಲಿ ಹೀಗೆ ಬೇಗ ಪೆಟ್ಟು ತಿನ್ನುವುದು ಹೃದಯದ ಸ್ನಾಯು, ಮೂತ್ರಪಿಂಡ ಮತ್ತು ಮಿದುಳು.

ಯಾವುದು ಕಡಿಮೆ?

ವೈದ್ಯರು ನೋಡುವುದು ಸರಾಸರಿ ಒತ್ತಡವನ್ನು. ಬಿಪಿಯ ಮೇಲಿನ ಅಂಕಿಯಿಂದ ಕೆಳಗಿನದನ್ನು ಕಳೆದು, ಉಳಿದುದರ ಮೂರನೇ ಒಂದು ಪಾಲನ್ನು ಕೆಳಗಿನ ಅಂಕಿಗೆ ಕೂಡಿಸಿದರೆ ಅದು ಸಿಗುತ್ತದೆ. 120/80 ಇದ್ದವರಿಗೆ ಸುಮಾರು 93. ಸರಾಸರಿ 65ಕ್ಕಿಂತ ಕೆಳಗಿಳಿದು ಹೆಚ್ಚು ಹೊತ್ತು ನಿಂತಷ್ಟೂ ಹೃದಯ, ಮೂತ್ರಪಿಂಡಗಳಿಗೆ ಹಾನಿಯಾಗುವ ಸಂಭವ ಹೆಚ್ಚು ಎಂದು ಅಧ್ಯಯನಗಳು ಹೇಳುತ್ತವೆ.

ಆದರೆ ಎಲ್ಲರಿಗೂ ಅಳತೆ ಒಂದೇ ಅಲ್ಲ. ಆಪರೇಷನ್ ನಡುವೆ ಬಿಪಿ 100/60 ಇದೆ ಎಂದುಕೊಳ್ಳಿ. ಸರಾಸರಿ 73. ಮನೆಯಲ್ಲಿ ಸದಾ 110/70 ಇರುವ ಅಜ್ಜಿಗೆ ಇದು ಸಣ್ಣ ಇಳಿತ. ವರ್ಷಗಟ್ಟಲೆ 160/90ರಲ್ಲೇ ಬದುಕಿದ ಅಜ್ಜನಿಗೆ ಮೂರನೇ ಒಂದು ಪಾಲಿಗಿಂತ ಹೆಚ್ಚಿನ ಕುಸಿತ. ಹೆಚ್ಚಿನ ಒತ್ತಡಕ್ಕೇ ಒಗ್ಗಿಹೋದ ಅವರ ಅಂಗಾಂಗಗಳಿಗೆ ಅದು ಸಾಲದೇ ಹೋಗಬಹುದು. ಹಾಗಾಗಿ ಅರಿವಳಿಕೆ ತಜ್ಞರಿಗೆ ನೀವು ಕೊಡಬಹುದಾದ ದೊಡ್ಡ ಮಾಹಿತಿ, ಹಿರಿಯರ ಬಿಪಿ ಮನೆಯಲ್ಲಿ ಸಾಮಾನ್ಯವಾಗಿ ಎಷ್ಟಿರುತ್ತದೆ ಎಂಬುದು. ಆಸ್ಪತ್ರೆಗೆ ಬಂದ ದಿನ ನೋವು, ಗಾಬರಿಯಲ್ಲಿ ಅಳೆದ ಬಿಪಿಯಿಂದ ಅದು ತಿಳಿಯುವುದಿಲ್ಲ. ಆಶಾ ಕಾರ್ಯಕರ್ತೆಯೋ ಆರೋಗ್ಯ ಕೇಂದ್ರದವರೋ ಬರೆದುಕೊಟ್ಟ ಹಳೆಯ ಚೀಟಿಯಿಂದ ತಿಳಿಯುತ್ತದೆ.

ಮಾತ್ರೆ ಕಲಿಸಿದ ಪಾಠ

ಆಪರೇಷನ್ ಹೊತ್ತಿನಲ್ಲಿ ಬಿಪಿ, ಬಡಿತ ತಗ್ಗಿದಷ್ಟೂ ಹೃದಯಕ್ಕೆ ಒಳ್ಳೆಯದು ಎಂಬ ನಂಬಿಕೆ ವೈದ್ಯರಲ್ಲೂ ಇತ್ತು. 2008ರಲ್ಲಿ ಪ್ರಕಟವಾದ ‘ಪಾಯ್ಸ್’ ಅಧ್ಯಯನ ಅದನ್ನು ಅಲುಗಿಸಿತು. 23 ದೇಶಗಳ 8,351 ರೋಗಿಗಳು ಅದರಲ್ಲಿದ್ದರು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಪ್ರೇಮ್ ಪೈಸ್, ಡಾ. ಡೆನಿಸ್ ಜೇವಿಯರ್ ಅದರ ಲೇಖಕರ ಪೈಕಿ ಇದ್ದಾರೆ. ಆಪರೇಷನ್ನಿಗೆ ಕೆಲವೇ ಗಂಟೆ ಮುಂಚೆ ಬಡಿತ, ಬಿಪಿ ತಗ್ಗಿಸುವ ಮೆಟೊಪ್ರೊಲಾಲ್ ಮಾತ್ರೆಯನ್ನು ಹೊಸದಾಗಿ ಶುರು ಮಾಡಿದವರಲ್ಲಿ ಹೃದಯಾಘಾತ ಕಡಿಮೆಯಾಯಿತು; ಸಾವು ಮತ್ತು ಪಾರ್ಶ್ವವಾಯು ಹೆಚ್ಚಾದವು. ಬಿಪಿ ತೀರಾ ಇಳಿದದ್ದು ಮುಖ್ಯ ಕಾರಣಗಳಲ್ಲಿ ಒಂದು.

ಹಾಗೆಂದು ಮೊದಲಿನಿಂದ ತೆಗೆದುಕೊಳ್ಳುತ್ತಿರುವ ಮೆಟೊಪ್ರೊಲಾಲ್, ಅಟೆನೊಲಾಲ್ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬಾರದು. ಹಠಾತ್ತನೆ ಬಿಟ್ಟರೆ ಹೃದಯಕ್ಕೆ ಅಪಾಯ. ಟೆಲ್ಮಿಸಾರ್ಟನ್, ಲೊಸಾರ್ಟನ್, ಎನಾಲಾಪ್ರಿಲ್‌ನಂಥ ಬಿಪಿ ಮಾತ್ರೆಗಳ ಲೆಕ್ಕ ಬೇರೆ. 2024ರ ಫ್ರೆಂಚ್ ಅಧ್ಯಯನವೊಂದರಲ್ಲಿ ಇಂಥವನ್ನು ಮುಂದುವರಿಸಿದವರಿಗೆ ಆಪರೇಷನ್ ನಡುವೆ ಬಿಪಿ ಹೆಚ್ಚು ಇಳಿಯಿತು, ಆದರೆ ದೊಡ್ಡ ತೊಡಕುಗಳು ಮುಂದುವರಿಸಿದವರಲ್ಲೂ ನಿಲ್ಲಿಸಿದವರಲ್ಲೂ ಸಮವಾಗಿದ್ದವು. ನಿಲ್ಲಿಸಬೇಕೋ ಬೇಡವೋ ಎಂಬುದನ್ನು ಅರಿವಳಿಕೆ ತಜ್ಞರೇ ಹೇಳಬೇಕು.

ಮನೆಯವರು ಮಾಡಬೇಕಾದ್ದು

* ಮಾತ್ರೆಯ ಪಟ್ಟಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಪ್ರಾಸ್ಟೇಟ್‌ಗೆ ಕೊಟ್ಟ ಟ್ಯಾಮ್ಸುಲೋಸಿನ್, ಮೂತ್ರ ಹೋಗಿಸುವ ಮಾತ್ರೆ, ನಾಟಿ ಔಷಧಿ ಯಾವುದನ್ನೂ ಮುಚ್ಚಿಡಬೇಡಿ. ಕೊನೆಯ ಬಾರಿ ಎಷ್ಟು ಹೊತ್ತಿಗೆ ನುಂಗಿದರು ಎಂಬುದನ್ನೂ ಹೇಳಿ.

* ಮೊದಲೇ ದಿನ ಗೊತ್ತಾದ ಆಪರೇಷನ್ನಿಗೆ ರಾತ್ರಿಯಿಡೀ ನೀರು ಬಿಡಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಲಘು ಊಟಕ್ಕೆ 6 ಗಂಟೆ, ತಿಳಿ ಪಾನೀಯಕ್ಕೆ 2 ಗಂಟೆ ಅಂತರ ಸಾಕೆನ್ನುತ್ತವೆ ಅಂತರರಾಷ್ಟ್ರೀಯ ಮಾರ್ಗಸೂಚಿಗಳು. ಸೋಸಿದ, ಹಾಲು ಹಾಕದ ಕಾಫಿ ತಿಳಿ ಪಾನೀಯದ ಲೆಕ್ಕಕ್ಕೆ ಬರುತ್ತದೆ. ಹಾಲು ಬೆರೆತರೆ 6 ಗಂಟೆ ಬೇಕು. ಮೂಳೆ ಮುರಿದ ನೋವಿನಲ್ಲಿ ಹೊಟ್ಟೆ ನಿಧಾನವಾಗಿ ಖಾಲಿಯಾಗುವುದರಿಂದ, ತುರ್ತು ಆಪರೇಷನ್ ಇದ್ದರೆ ಕೇಳದೆ ಏನನ್ನೂ ಕೊಡಬೇಡಿ. ಡ್ರಿಪ್ ಬೇಕೇ ಎಂದು ವಿಚಾರಿಸಿ.

* ‘ಪೂರ್ತಿ ಮಂಪರು ಬೇಡ, ಬೆನ್ನಿಗೇ ಕೊಡಿ’ ಎಂದು ಹಟ ಹಿಡಿಯಬೇಡಿ. ಸೊಂಟ ಮುರಿದ 1,600 ಜನರನ್ನು ಒಳಗೊಂಡ, 2021ರಲ್ಲಿ ಪ್ರಕಟವಾದ ಅಮೆರಿಕ-ಕೆನಡಾದ ಅಧ್ಯಯನದಲ್ಲಿ ಎರಡರ ಫಲವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಔಷಧಿಯ ಪ್ರಮಾಣ ತಗ್ಗಿಸಿ, ಬಿಪಿ ಪದೇಪದೇ ಅಳೆದು, ಇಳಿದರೆ ಮೆಫೆಂಟರ್ಮಿನ್ ಅಥವಾ ನಾರ್‌ಅಡ್ರಿನಲಿನ್ ಕೊಟ್ಟು ಏರಿಸುವ ಎಚ್ಚರ ಎರಡರಲ್ಲೂ ಬೇಕು. ಬರೀ ಡ್ರಿಪ್ ಸುರಿದರೆ ಹೃದಯ ದುರ್ಬಲವಿರುವವರ ಶ್ವಾಸಕೋಶದಲ್ಲಿ ನೀರು ತುಂಬಬಹುದು.

* ವಾರ್ಡಿಗೆ ಬಂದ ಮೇಲೂ ಬಿಪಿ ಇಳಿಯಬಹುದು. ಮೂತ್ರ ಕಡಿಮೆಯಾದರೆ, ಏದುಸಿರು ಬಂದರೆ, ಗುರುತು ಹಿಡಿಯದೆ ತಡವರಿಸಿದರೆ ನರ್ಸ್‌ಗೆ ತಿಳಿಸಿ. ನೋವಿನ ಔಷಧಿಯ ಮಂಪರಿನಲ್ಲಿ ಹೃದಯಾಘಾತ ಎದೆನೋವಿಲ್ಲದೆಯೂ ಬರಬಹುದು. ಮೊದಲ ಸಲ ಎಬ್ಬಿಸುವಾಗ ಕೂರಿಸಿ, ತಡೆದು, ಆಮೇಲೆ ನಿಲ್ಲಿಸಿ.

* ಆಪರೇಷನ್ನಿಗೆಂದು ನಿಲ್ಲಿಸಿದ ಬಿಪಿ ಮಾತ್ರೆ ಮರೆತುಹೋಗಿ ತಿಂಗಳುಗಟ್ಟಲೆ ನಿಂತೇ ಬಿಡುವುದುಂಟು. ಯಾವ ಮಾತ್ರೆ, ಯಾವತ್ತಿನಿಂದ ಎಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಂಡೇ ಊರಿಗೆ ಹೊರಡಿ.