ಹಳೇ ಕಪ್ಪಿನ ಷೋಕಿಗೆ ಕಾಫಿಯೇ ಅಳತೆ

ಯಲಹಂಕ ಉಪನಗರದಿಂದ ಹೆಬ್ಬಾಳದವರೆಗೆ ಎದ್ದು ನಿಂತಿರುವ ಅಪಾರ್ಟ್‌ಮೆಂಟುಗಳಲ್ಲಿ ಹಳೇ ಕಪ್ಪು-ಸಾಸರು ಕೂಡಿಸುವ ಷೋಕಿ ಚಿಗುರಿದೆ. ಮೈಮೇಲೆ ಗುಲಾಬಿ ಹೂ, ಅಂಚಿಗೆ ಚಿನ್ನದ ಗೆರೆ, ತಳದಲ್ಲಿ ಇಂಗ್ಲೆಂಡಿನ ಮುದ್ರೆ. ಶನಿವಾರ ಸಂಜೆ ನಾಲ್ಕು ಜನ ಸ್ನೇಹಿತರು ಬಂದರೆ ಇವು ಗಾಜಿನ ಬೀರುವಿನಿಂದ ಇಳಿಯುತ್ತವೆ. ಇದನ್ನು ಹಣವಂತರ ಆಡಂಬರ ಎಂದು ತಳ್ಳಿಹಾಕುವುದು ಸರಿಯಲ್ಲ. ಒಡೆದರೆ ಬಿಸಾಡುವ, ಎಲ್ಲರ ಮನೆಯಲ್ಲೂ ಒಂದೇ ತೆರನಾಗಿರುವ ಮಗ್ಗುಗಳ ಕಾಲದಲ್ಲಿ ಅರವತ್ತು ವರ್ಷ ಬಾಳಿದ ಪಾತ್ರೆಯನ್ನು ಹುಡುಕಿ ತಂದು ಬಳಸುವುದು ಒಳ್ಳೆಯ ಅಭಿರುಚಿಯೇ. ತಕರಾರು ಇರುವುದು ಆಯ್ಕೆಯ ಬಗ್ಗೆ. ಈ ಮನೆಗಳಲ್ಲಿ ಅತಿಥಿಗೆ ಕೊಡುವುದು ಫಿಲ್ಟರ್ ಕಾಫಿ, ಹುಡುಕಿ ತರುವುದು ಮಾತ್ರ ಟೀ ಕಪ್ಪು. ಹಳೆಯದನ್ನು ಕೂಡಿಸುವವರು ತಳದ ಮುದ್ರೆಗಿಂತ ಮೊದಲು ತಮ್ಮ ಮನೆಯ ಕಾಫಿಯನ್ನು ಅಳತೆಗೋಲಾಗಿ ಹಿಡಿಯಬೇಕು ಎಂಬುದು ಈ ಲೇಖನದ ವಾದ.

ಪಾತ್ರೆಯ ಆಕಾರ ಅಲಂಕಾರಕ್ಕೆಂದು ಹುಟ್ಟಿದ್ದಲ್ಲ. ಇಂಗ್ಲಿಷ್ ಟೀ ಕಪ್ಪು ಸುಮಾರು 200 ಮಿಲಿಲೀಟರ್ ಹಿಡಿಯುತ್ತದೆ. ಬಾಯಿ ಅಗಲ, ಗೋಡೆ ಓರೆ. ಕೆಟಲಿನಿಂದ ಬಗ್ಗಿಸಿದ ತೆಳು ಟೀ ಬೇಗ ಆರಲಿ ಎಂಬುದಕ್ಕೆ ಅದು ಹೇಳಿ ಮಾಡಿಸಿದಂತಿದೆ. ನಮ್ಮ ಕಾಫಿಯ ದಾರಿಯೇ ಬೇರೆ. ಫಿಲ್ಟರಿನಲ್ಲಿ ಹನಿಹನಿಯಾಗಿ ಇಳಿದ ಗಟ್ಟಿ ಡಿಕಾಕ್ಷನ್, ಉಕ್ಕಿ ಬಂದ ಹಾಲು, ಸಕ್ಕರೆ. ಒಟ್ಟು ನೂರು ಮಿಲಿಲೀಟರಿನ ಆಸುಪಾಸು. ಅಷ್ಟನ್ನು ಟೀ ಕಪ್ಪಿಗೆ ಹಾಕಿದರೆ ಅರ್ಧ ಬಟ್ಟಲು ಖಾಲಿ, ನೊರೆ ಎರಡು ನಿಮಿಷದಲ್ಲಿ ಮಾಯ, ಮೂರನೆಯ ಗುಟುಕಿಗೆ ಕಾಫಿ ತಣ್ಣಗೆ. ತುಂಬ ಹಾಕಿದರೆ ಸ್ಟ್ರಾಂಗ್ ಕಾಫಿ ಅತಿಥಿಗೆ ಶಿಕ್ಷೆ. ಹಳೇ ಲೋಟ-ಬಟ್ಟಲನ್ನು ನೋಡಿ: ಲೋಟದ ಮೈ ಕಿರಿದು, ನೆಟ್ಟಗೆ, ಬಿಸಿ ಬೇಗ ಹೋಗದು. ಕಂಠ ಹೊರಕ್ಕೆ ಮಡಿಚಿದೆ. ಬೆರಳು ಸುಡದಂತೆ ಹಿಡಿಯುವುದು ಅಲ್ಲಿಯೇ. ಬಟ್ಟಲು ಅಗಲ, ಗಿಡ್ಡ. ಅವಸರವಿದ್ದವರು ಅದಕ್ಕೆ ಸುರಿದು ಆರಿಸಿಕೊಳ್ಳಬಹುದು, ಎತ್ತರದಿಂದ ಹೊಯ್ದು ನೊರೆ ಎಬ್ಬಿಸಬಹುದು, ಚೆಲ್ಲಿದ್ದು ಮೇಜಿಗೆ ಇಳಿಯದು. ಎಷ್ಟು ಬಿಸಿ ಬೇಕೆಂಬ ತೀರ್ಮಾನವನ್ನು ಕುಡಿಯುವವರ ಕೈಗೇ ಬಿಟ್ಟ ಜೋಡಿ ಇದು. ಪಿಂಗಾಣಿಯೇ ಬೇಕೆನ್ನುವವರಿಗೂ ದಾರಿ ಇದೆ. ಯೂರೋಪಿನವರು ಊಟದ ನಂತರದ ಕಾಫಿಗೆಂದೇ ಮಾಡಿದ ಡೆಮಿಟಾಸ್ ಕಪ್ಪು ಚಿಕ್ಕದು. ಕಾಫಿ ಕ್ಯಾನ್ ಎಂಬ ಕೊಳವೆಯಾಕಾರದ ಹಳೇ ಇಂಗ್ಲಿಷ್ ಕಪ್ಪಂತೂ ಹಿಡಿ ಇರುವ ನಮ್ಮ ಲೋಟದಂತೆಯೇ ಕಾಣುತ್ತದೆ. ಹೂವಿನ ಟೀ ಸೆಟ್ಟಿಗೆ ಮುಗಿಬೀಳುವವರು ಇವನ್ನು ದಾಟಿ ಹೋಗುತ್ತಾರೆ.

ಊರಿನ ಇತಿಹಾಸವೂ ಇದನ್ನೇ ಹೇಳುತ್ತದೆ. 1924ರಲ್ಲಿ ಶುರುವಾದ ಎಂಟಿಆರ್‌ನಲ್ಲಿ ಕಾಫಿ ಹೆಸರಾದದ್ದು ಬೆಳ್ಳಿ ಲೋಟದಲ್ಲಿ. ಕಪ್ಪಿನ ಕಾಫಿಗೆ ಬೆಂಗಳೂರಿನಲ್ಲಿ ಗೌರವ ತಂದದ್ದು ಇಂಡಿಯಾ ಕಾಫಿ ಹೌಸ್. ಕಾಫಿ ಬೋರ್ಡ್ ತನ್ನ ಹೌಸುಗಳನ್ನು ಮುಚ್ಚಹೊರಟಾಗ ನೌಕರರೇ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ ಹುಟ್ಟಿದ್ದು 1957ರಲ್ಲಿ, ಬೆಂಗಳೂರಿನಲ್ಲೇ. 2009ರಲ್ಲಿ ಎಂ.ಜಿ. ರಸ್ತೆಯಿಂದ ಚರ್ಚ್ ಸ್ಟ್ರೀಟಿಗೆ ಬಂದ ಆ ಹೌಸಿನ ದಪ್ಪ ಬಿಳಿ ಕಪ್ಪಿನಲ್ಲಿ ಹೂವಿಲ್ಲ, ಚಿನ್ನದ ಗೆರೆಯೂ ಇಲ್ಲ. ದಪ್ಪ ಗೋಡೆ ಬಿಸಿಯನ್ನು ಕಾಯುತ್ತದೆ, ದಿನಕ್ಕೆ ಹತ್ತು ಸಲ ತೊಳೆದರೂ ತಡೆಯುತ್ತದೆ. ಉತ್ತರ ಬೆಂಗಳೂರಿಗೆ ಪಿಂಗಾಣಿಯೇನೂ ಹೊಸದಲ್ಲ. ಯಶವಂತಪುರದ ಮಗ್ಗುಲಲ್ಲಿ, ಟಾಟಾ ಇನ್‌ಸ್ಟಿಟ್ಯೂಟಿನ ಎದುರು, ಮೈಸೂರು ಸಂಸ್ಥಾನ 1930ರ ದಶಕದಲ್ಲೇ ಪೋರ್ಸಲೇನ್ ಕಾರ್ಖಾನೆ ತೆರೆದಿತ್ತು. ಮುಂದೆ ಅದು ಮೈಸೂರು ಪೋರ್ಸಲೇನ್ಸ್ ಆಗಿ, 1976ರಲ್ಲಿ ಬಿಎಚ್‌ಇಎಲ್ ಪಾಲಾಯಿತು. ಅದು ಹೆಸರಾದದ್ದು ಇನ್ಸುಲೇಟರುಗಳಿಗೆ. ಅಂದರೆ ನಮ್ಮೂರ ಪಿಂಗಾಣಿ ಊಟದ ಮೇಜಿಗಿಂತ ಕರೆಂಟು ಕಂಬವನ್ನೇ ಹೆಚ್ಚು ಹತ್ತಿದೆ. ಮನೆಯೊಳಗಿನ ಕಾಫಿ ಬಹುಮಟ್ಟಿಗೆ ಹಿತ್ತಾಳೆ, ಕಂಚು, ಅನುಕೂಲವಿದ್ದವರಲ್ಲಿ ಬೆಳ್ಳಿ, ಆಮೇಲೆ ಸ್ಟೀಲಿನಲ್ಲೇ ನಡೆಯಿತು.

ಆ ಹಿತ್ತಾಳೆಯೆಲ್ಲ ಎಲ್ಲಿ ಹೋಯಿತು? ಸ್ಟೀಲು ಮನೆಮನೆಗೆ ನುಗ್ಗಿದ ದಶಕಗಳಲ್ಲಿ ತೂಕಕ್ಕೆ ಹಾಕಿ, ಬದಲಿಗೆ ಹೊಳೆಯುವ ಪಾತ್ರೆ ತಂದರು. ಹುಣಸೆಹಣ್ಣು ಹಾಕಿ ಉಜ್ಜುವ ಕಷ್ಟ ತಪ್ಪಿತೆಂದು ನಿಟ್ಟುಸಿರು ಬಿಟ್ಟ ಹೆಂಗಸರನ್ನು ಯಾರೂ ದೂರುವಂತಿಲ್ಲ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಈ ಭಾಗದ ಹಳೇ ಊರುಗಳಲ್ಲಿ ತೊಟ್ಟಿಮನೆ, ಹೆಂಚಿನ ಮನೆಗಳು ಉರುಳಿದವು. ಅಟ್ಟ ಹೋದರೆ ಅಟ್ಟದ ಮೇಲಿದ್ದದ್ದೂ ಗುಜರಿಗೆ. ಇಂಥದ್ದರ ಬೆಲೆ ತಡವಾಗಿ ತಿಳಿಯುವುದಕ್ಕೆ ಸಾಕ್ಷಿ ಜಾಲಹಳ್ಳಿಯಲ್ಲೇ ಇದೆ. 1961ರಲ್ಲಿ ಎಚ್‌ಎಂಟಿ ಅಲ್ಲಿ ಕೈಗಡಿಯಾರ ಮಾಡತೊಡಗಿತು. ಕ್ವಾರ್ಟ್ಜ್ ಬಂದಾಗ ಡ್ರಾಯರಿನ ಮೂಲೆ ಸೇರಿದ ಜನತಾ, ಪೈಲಟ್ ವಾಚುಗಳಿಗೆ 2016ರಲ್ಲಿ ವಾಚು ಕಂಪನಿ ಮುಚ್ಚಲು ಸರ್ಕಾರ ಒಪ್ಪಿದ ನಂತರ ಗಿರಾಕಿಗಳು ಮುಗಿಬಿದ್ದರು. ಬೆನ್ನಿಗೇ ಹೊಸ ಡಯಲ್ ಕೂಡಿಸಿದ ಕಲಬೆರಕೆ ವಾಚುಗಳೂ ಬಂದವು. ಕಾಫಿ ಲೋಟಕ್ಕೂ ಅದೇ ಗತಿ ಬರುತ್ತಿದೆ. ರಾಸಾಯನಿಕ ಬಳಿದು ಕಪ್ಪಾಗಿಸಿದ ಹೊಸ ಹಿತ್ತಾಳೆಯನ್ನು ಅಜ್ಜಿಯ ಕಾಲದ್ದೆಂದು ಮಾರುತ್ತಾರೆ. ನಿಜವಾಗಿ ಬಳಸಿದ ಲೋಟದ ಸವೆತ ಎಲ್ಲೆಡೆ ಒಂದೇ ಸಮ ಇರುವುದಿಲ್ಲ: ಬೆರಳು ಹಿಡಿದ ಕಂಠ ನಯವಾಗಿ, ನೆಲ ಉಜ್ಜಿದ ತಳದಂಚು ತೆಳುವಾಗಿ, ಒಳಗೆ ಕಲಾಯಿ ಅಲ್ಲಲ್ಲಿ ಎದ್ದಿರುತ್ತದೆ. ಕಪ್ಪು ಬಣ್ಣ ಸಂದಿಗೊಂದಿಗೂ ಬಯಲಿಗೂ ಒಂದೇ ಥರ ಹತ್ತಿದ್ದರೆ ಅನುಮಾನಿಸಿ. ಸ್ಟೀಲು ಪಾತ್ರೆಯಾದರೆ ಮೈಮೇಲೆ ಚುಕ್ಕಿಚುಕ್ಕಿಯಾಗಿ ಹೊಡೆಸಿದ ಹೆಸರು, ಗೃಹಪ್ರವೇಶದ ತಾರೀಖು ಹುಡುಕಿ. ವ್ಯಾಪಾರಿ ಅದನ್ನು ಕುಂದು ಎಂದು ಬೆಲೆ ಇಳಿಸುತ್ತಾನೆ. ಕಾಲ ಗುರುತಿಸಲು ಅದಕ್ಕಿಂತ ಒಳ್ಳೆಯ ಮುದ್ರೆ ಇಲ್ಲ. ಪಿಂಗಾಣಿಯ ಮುದ್ರೆಯೂ ಅಷ್ಟಿಷ್ಟು ಮಾತಾಡುತ್ತದೆ: ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ ಅದು 1945ರಿಂದ 1952ರ ನಡುವಿನದು, ‘ಚೆಕೊಸ್ಲೊವಾಕಿಯಾ’ ಎಂದಿದ್ದರೆ 1918ಕ್ಕಿಂತ ಹಿಂದಿನದಾಗಲಾರದು. ನೂರು ವರ್ಷ ದಾಟಿದ ಕರಕುಶಲ ವಸ್ತುವನ್ನು 1972ರ ಕಾಯ್ದೆಯಂತೆ ಹೊರದೇಶಕ್ಕೆ ಒಯ್ಯುವಂತಿಲ್ಲ. ಅಮೆರಿಕದ ಮಗಳಿಗೆ ಕಳಿಸುವ ಯೋಚನೆ ಇದ್ದವರು ಇದನ್ನು ಗಮನದಲ್ಲಿಡಲಿ.

ಹಳೇ ಪಾತ್ರೆ ಆರೋಗ್ಯಕ್ಕೆ ಒಳ್ಳೆಯದೇ ಎಂಬ ಆಕ್ಷೇಪ ಸಹಜ. ಕಲಾಯಿ ಎದ್ದ ಹಿತ್ತಾಳೆಯಲ್ಲಿ ಕಾಫಿ ಕೊಡಬಾರದು, ಇದರಲ್ಲಿ ರಾಜಿ ಇಲ್ಲ. ಕಲಾಯಿಯವರು ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ಬಿಳಿ ಹೊಗೆ ಏಳುವಾಗ ತವರದ ಕಡ್ಡಿ ತಾಗಿಸಿ ಬಟ್ಟೆಯಿಂದ ಒಂದೇ ಸಮ ಸವರುತ್ತಾರೆ. ತವರ 232 ಡಿಗ್ರಿಗೇ ಕರಗುವುದರಿಂದ ಕೆಲಸ ಕ್ಷಣಗಳಲ್ಲಿ ಮುಗಿಯುತ್ತದೆ. ತವರಕ್ಕೆ ಸೀಸ ಬೆರೆಸದವರನ್ನು ಹುಡುಕುವುದೇ ಕಷ್ಟದ ಕೆಲಸ. ಆದರೆ ಪಿಂಗಾಣಿ ಈ ವಿಷಯದಲ್ಲಿ ಹೆಚ್ಚು ಸುರಕ್ಷಿತ ಎಂದುಕೊಳ್ಳಬೇಡಿ. ಹಳೇ ಮೆರುಗಿನಲ್ಲಿ, ಮೇಲೆ ಬರೆದ ಬಣ್ಣದಲ್ಲಿ ಸೀಸ ಇರುವುದು ಅಪರೂಪವಲ್ಲ. ಮೆರುಗು ಬಲೆಬಲೆಯಾಗಿ ಬಿರಿದಿದ್ದರೆ, ಒಳಗೋಡೆಯಲ್ಲಿ ಚಿತ್ರವಿದ್ದರೆ ಬೀರುವಿನಲ್ಲೇ ಇರಲಿ. ಉಗುರಿನಿಂದ ತಟ್ಟಿದಾಗ ಖಣಿ ಎನ್ನದೆ ಮಂಕು ಸದ್ದು ಬಂದರೆ ಕಣ್ಣಿಗೆ ಕಾಣದ ಸೀಳಿದೆ. ಇನ್ನೊಂದು ಮಾತು: ಇಂಗ್ಲೆಂಡಿನ ಬೋನ್ ಚೈನಾದಲ್ಲಿ ಅರ್ಧದ ಹತ್ತಿರ ದನದ ಮೂಳೆಯ ಬೂದಿ ಇರುತ್ತದೆ. ಅಡ್ಡಿಯಿಲ್ಲದವರಿಗೆ ಅಡ್ಡಿಯಿಲ್ಲ, ಮಾಂಸ ಮುಟ್ಟದ ಅತಿಥಿಗೆ ಅದರಲ್ಲಿ ಕೊಡುವಾಗ ತಿಳಿದೇ ಕೊಡಬೇಕು.

ಲೋಟದಲ್ಲಿ ಕೊಟ್ಟರೆ ದರ್ಶಿನಿಯ ಹಾಗಾಗುತ್ತದೆ, ಅದರಲ್ಲೇನು ಸೊಗಸು ಎನ್ನುವವರಿಗೆ ಹೆಚ್ಚು ಹೇಳಬೇಕಿಲ್ಲ. ಒಂದೇ ಅಳತೆಯ ಆರು ಹಳೇ ಲೋಟಗಳನ್ನು ಬಾಳೆ ಎಲೆಯ ತುಂಡು ಹಾಸಿದ ಮರದ ತಟ್ಟೆಯಲ್ಲಿಟ್ಟು ನೋಡಲಿ. ಭಾರವಾದ ಆಕ್ಷೇಪ ಬೇರೆಯದು. ಲೋಟದ ಜೊತೆಗೆ ಮಡಿ-ಮೈಲಿಗೆಯೂ ಬಂದಿದೆ. ಲೋಹವನ್ನು ಬೂದಿ ಹಾಕಿ ತಿಕ್ಕಿದರೆ ಶುದ್ಧ, ಪಿಂಗಾಣಿ ಎಂಜಲನ್ನು ಹೀರುತ್ತದೆ ಎಂಬ ನಂಬಿಕೆಯಿಂದಲೇ ಎಷ್ಟೋ ಮನೆಗಳಲ್ಲಿ ಕಪ್ಪಿಗೆ ಅಡುಗೆಮನೆಯ ಪ್ರವೇಶವಿರಲಿಲ್ಲ. ಎತ್ತಿ ಕುಡಿಯುವ ರೂಢಿ ಆ ಲೆಕ್ಕಾಚಾರದ ಭಾಗ. ಹಳ್ಳಿಯ ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ ಇಟ್ಟದ್ದು, ಅದನ್ನು ಅವರೇ ತೊಳೆದಿಡಬೇಕಾಗಿದ್ದದ್ದು ಇನ್ನೂ ನೆನಪಿನಿಂದ ಮಾಸಿಲ್ಲ. ಅದರೆದುರು, ಯಾರು ಬಂದು ಕೂತರೂ ಅದೇ ಬಿಳಿ ಕಪ್ಪು ಕೊಟ್ಟ ಕಾಫಿ ಹೌಸಿನದು ಸಣ್ಣ ಸಾಧನೆಯಲ್ಲ. ಹಾಗಾಗಿ ಹಳೇ ಲೋಟವನ್ನು ‘ನಮ್ಮ ಸಂಸ್ಕೃತಿ’ ಎಂದು ಸುಮ್ಮನೆ ಹೊಗಳುವುದು ಅರ್ಧ ಸತ್ಯ. ಇದರಿಂದ ವಾದವೇನೂ ಬೀಳುವುದಿಲ್ಲ, ಅದಕ್ಕೊಂದು ಷರತ್ತು ಸೇರಿಕೊಳ್ಳುತ್ತದೆ ಅಷ್ಟೆ: ಬೀರುವಿನಿಂದ ಇಳಿದ ಲೋಟ ಬಂದವರೆಲ್ಲರಿಗೂ ಒಂದೇ ಆಗಿರಬೇಕು. ಅತಿಥಿಗೆ ಬೆಳ್ಳಿ, ಡ್ರೈವರಿಗೂ ಮನೆಗೆಲಸದವರಿಗೂ ಮೂಲೆಯ ಪ್ಲಾಸ್ಟಿಕ್ ಲೋಟ ಎನ್ನುವ ಮನೆಯಲ್ಲಿ ಎಂಥ ಅಪರೂಪದ ಪಾತ್ರೆಗಳಿದ್ದರೂ ಅದು ಒಳ್ಳೆಯ ಸತ್ಕಾರವಲ್ಲ. ಉತ್ತರದ ಗಗನಚುಂಬಿಗಳಲ್ಲಿ ಈ ಭೇದ ಇಂದಿಗೂ ನಡೆದೇ ಇದೆ.

ಕೂಡಿಸಲು ಹೊರಟವರಿಗೆ ಪೂರ್ತಿ ಸೆಟ್ಟು ಬೇಕೆಂಬ ಹಟ ಬೇಡ. ಆರು ಲೋಟ, ಆರು ಬಟ್ಟಲು, ಒಂದು ಹಿತ್ತಾಳೆ ಫಿಲ್ಟರ್, ಲೋಹ ಒಲ್ಲದವರಿಗೆ ನಾಲ್ಕು ಚಿಕ್ಕ ಕಪ್ಪು; ಒಂದಕ್ಕೊಂದು ಹೊಂದದಿದ್ದರೂ ಅಳತೆ ಹೊಂದಿದರೆ ಸಾಕು. ದುಡ್ಡು ಬಿಚ್ಚುವ ಮೊದಲು ನೂರು ಮಿಲಿಲೀಟರ್ ನೀರು ಸುರಿದು ನೋಡಿ. ಮತ್ತು ಈ ಬೇಸಿಗೆಯಲ್ಲಿ ಊರಿನ ಮನೆ ಖಾಲಿ ಮಾಡುವವರಿದ್ದರೆ, ಹಂಡೆ, ಕೊಳಗ ಏನಾದರೂ ಆಗಲಿ, ಕಾಫಿ ಲೋಟಗಳನ್ನಾದರೂ ಎತ್ತಿಟ್ಟುಕೊಂಡು ಉಳಿದದ್ದನ್ನು ಗುಜರಿಗೆ ಹಾಕಿ.