ಲಾಟ್ ನಂಬರಿನ ಹಿಂದಿನ ಲೆಕ್ಕ

ನಮ್ಮಪ್ಪ ದಾವಣಗೆರೆ ಮಂಡಿಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಟೆಂಡರ್ ಚೀಟಿ ಬಿಚ್ಚುವ ಹೊತ್ತು ಬಂತೆಂದರೆ ಅವರು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಪ್ರತಿ ರಾಶಿಗೂ ಒಂದು ಲಾಟ್ ನಂಬರು ಇರುತ್ತಿತ್ತು. ಖರೀದಿದಾರರು ರಾಶಿಯಿಂದ ರಾಶಿಗೆ ಹೋಗಿ, ಕಾಳನ್ನು ಅಂಗೈಯಲ್ಲಿ ತಿರುವಿ ನೋಡಿ, ದರ ಬರೆದ ಚೀಟಿಯನ್ನು ಡಬ್ಬಿಗೆ ಹಾಕುತ್ತಿದ್ದರು. ಆಮೇಲೆ ಆ ಚೀಟಿಗಳನ್ನೆಲ್ಲ ಲಾಟಿನ ಪ್ರಕಾರ ಬೇರ್ಪಡಿಸಬೇಕು, ಒಂದೊಂದು ಲಾಟಿಗೂ ಯಾರ ದರ ಹೆಚ್ಚೆಂದು ಹುಡುಕಬೇಕು, ಪುಸ್ತಕಕ್ಕೆ ಏರಿಸಬೇಕು. 500 ಲಾಟು, ಲಾಟಿಗೆ 20 ಚೀಟಿ ಎಂದಿಟ್ಟುಕೊಳ್ಳಿ, 10,000 ದರಗಳಾದವು. ಅಷ್ಟರಲ್ಲಿ ಒಂದು ಸೊನ್ನೆ ಆಚೀಚೆಯಾದರೆ ಜಗಳ. ಚೀಟಿ ತಿದ್ದಿದ್ದಾರೆಂಬ ಅನುಮಾನ ಬಂದರಂತೂ ಅಂದಿನ ವ್ಯಾಪಾರ ಅಲ್ಲಿಗೇ ನಿಂತಂತೆ.

ನಾನು ಈಗ ಇದೇ ಊರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ಸೇರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಈ ವಿದ್ಯೆ ಎಂದರೆ ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ. ಅವರಿಗೆ ನಾನು ಮೊದಲು ಹೇಳುವುದು ಅಪ್ಪನ ಚೀಟಿಗಳ ವಿಷಯ. ಬೇರ್ಪಡಿಸುವುದು, ಹುಡುಕುವುದು, ಎಲ್ಲಕ್ಕಿಂತ ದೊಡ್ಡದನ್ನು ಆರಿಸುವುದು: ನಮ್ಮ ಶಾಸ್ತ್ರದ ಮೊದಲ ಪಾಠಗಳೇ ಇವು. ಅಪ್ಪ ಅದನ್ನು ಕೈಯಲ್ಲಿ ಮಾಡುತ್ತಿದ್ದರು, ಯಂತ್ರ ಅದನ್ನೇ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತದೆ.

ಬರೀ ವೇಗದ ಮಾತಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 2014ರಲ್ಲಿ ಕರ್ನಾಟಕ ಸರ್ಕಾರ ರಾಜ್ಯದ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗಳನ್ನು, ಅಂದರೆ ಎಪಿಎಂಸಿಗಳನ್ನು, ಒಂದೇ ಆನ್‌ಲೈನ್ ವೇದಿಕೆಗೆ ತರಲು ಶುರುಮಾಡಿತು. ಅದರ ಹೆಸರು ಏಕೀಕೃತ ಮಾರುಕಟ್ಟೆ ವೇದಿಕೆ, ನಡೆಸುವ ಸಂಸ್ಥೆ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್. ಲಾಟಿನ ವಿವರ ಕಂಪ್ಯೂಟರಿಗೆ ಹೋಗುತ್ತದೆ, ಖರೀದಿದಾರ ದರವನ್ನು ಅಲ್ಲಿಯೇ ನಮೂದಿಸುತ್ತಾನೆ, ಯಾರು ಎಷ್ಟು ಬರೆದರೆಂದು ಪಕ್ಕದವನಿಗೆ ತಿಳಿಯುವುದಿಲ್ಲ. ದೇಶಕ್ಕೆಲ್ಲ ಇ-ನಾಮ್ ಎಂಬ ಇಂಥದೇ ವೇದಿಕೆ ಬಂದದ್ದು ಇದಾದ ಮೇಲೆ, 2016ರ ಏಪ್ರಿಲ್ 14ರಂದು.

ಇದರಿಂದ ರೈತನಿಗೆ ಸಿಕ್ಕಿದ್ದೆಷ್ಟು? ಅಮೆರಿಕದ ಎಂಐಟಿಯ ರೆಟ್ಸೆಫ್ ಲೆವಿ ಮತ್ತು ಅವರ ಜೊತೆಗಾರರು ನಮ್ಮ ರಾಜ್ಯದ ಮಾರುಕಟ್ಟೆಗಳ ದರಗಳನ್ನೇ ಹಿಡಿದು ಲೆಕ್ಕ ಹಾಕಿದರು. 2020ರಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ ಈ ವೇದಿಕೆಯಿಂದ ಭತ್ತದ ದರ ಸರಾಸರಿ ಶೇ 5.1, ಶೇಂಗಾ ಶೇ 3.6, ಮೆಕ್ಕೆಜೋಳ ಶೇ 3.5 ಏರಿತು. ಭತ್ತ, ಮೆಕ್ಕೆಜೋಳ ಎರಡೂ ದಾವಣಗೆರೆ ಸೀಮೆಯ ಬೆಳೆಗಳು. ಶೇ 3.5 ಎಂದರೆ ಸಣ್ಣದು ಅನ್ನಿಸಬಹುದು. ಆದರೆ ಗೊಬ್ಬರ, ಬೀಜ, ಕೂಲಿಯ ಖರ್ಚೇನೂ ಇದರಿಂದ ಹೆಚ್ಚಾಗುವುದಿಲ್ಲ. ಖರ್ಚು ಕಳೆದು ರೈತನ ಕೈಯಲ್ಲಿ ಉಳಿಯುವ ತೆಳ್ಳನೆಯ ಲಾಭಕ್ಕೆ ಈ ಏರಿಕೆ ಸೇರುತ್ತದೆ.

ಅದೇ ತಂಡ ಆಮೇಲೆ ಇನ್ನೊಂದು ಹೆಜ್ಜೆ ಇಟ್ಟಿತು. ರಾಜ್ಯದ ಒಂದು ದೊಡ್ಡ ಬೇಳೆಕಾಳು ಮಾರುಕಟ್ಟೆಯಲ್ಲಿ ಹರಾಜನ್ನು ಎರಡು ಸುತ್ತು ಮಾಡಿದರು. ಮೊದಲ ಸುತ್ತಿನಲ್ಲಿ ಮುಂದಿದ್ದವರಿಗೆ ಎರಡನೆಯ ಸುತ್ತಿನಲ್ಲಿ ದರ ಏರಿಸುವ ಅವಕಾಶ. ಕಾಳು ಅದೇ, ಖರೀದಿದಾರರೂ ಅವರೇ, ಬದಲಾದದ್ದು ಹರಾಜಿನ ನಿಯಮ ಮಾತ್ರ. ದರ ಶೇ 4.7 ಏರಿತು. ನಮ್ಮ ವಿದ್ಯೆಯಲ್ಲಿ ನನಗೆ ಅತಿ ಪ್ರಿಯವಾದ ಭಾಗ ಇದು: ನಿಯಮವನ್ನು ಯೋಚಿಸಿ ಕಟ್ಟಿದರೆ, ಜನರ ಮನಸ್ಸು ಬದಲಾಯಿಸದೆಯೂ ಫಲ ಬದಲಾಗುತ್ತದೆ.

ಆದರೆ ಅದೇ ಮೊದಲ ಪ್ರಬಂಧದಲ್ಲಿ ಹತ್ತಿ, ಹೆಸರುಕಾಳು, ತೊಗರಿಗೆ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ವೇದಿಕೆಗೂ ಮಿತಿಗಳಿವೆ. ಒಮ್ಮೆ ವಿದ್ಯಾರ್ಥಿಗಳನ್ನು ಎಪಿಎಂಸಿ ಪ್ರಾಂಗಣಕ್ಕೆ ಕರೆದುಕೊಂಡು ಹೋಗಿದ್ದಾಗ ಒಬ್ಬ ಹಿರಿಯ ರೈತರು ಕೇಳಿದರು: "ಅಲ್ಲಮ್ಮ, ಕಾಳು ಹಸಿ ಐತೋ ಒಣಗೈತೋ ಅಂತ ನಿಮ್ಮ ಕಂಪ್ಯೂಟರಿಗೆ ಗೊತ್ತಾಗುತ್ತೇನು?" ಮಕ್ಕಳು ನನ್ನ ಮುಖ ನೋಡಿದರು. ಬೆಂಬಲ ಬೆಲೆಗೆ ಕೊಡುವ ಮೆಕ್ಕೆಜೋಳದಲ್ಲಿ ತೇವಾಂಶ ಶೇ 14 ಮೀರಬಾರದು. ಅದನ್ನು ಅಳೆದು ಬರೆಯುವವರಿಲ್ಲದೆ ಹೋದರೆ, ದೂರದ ಖರೀದಿದಾರ ಕಾಣದ ಕಾಳಿಗೆ ಹೆದರಿ ಕಡಿಮೆ ದರವನ್ನೇ ಹಾಕುತ್ತಾನೆ. ತಂತ್ರಾಂಶ ಎಷ್ಟು ಚೆನ್ನಾಗಿದ್ದರೂ ಆ ಹೆದರಿಕೆ ಹೋಗುವುದಿಲ್ಲ. ಅಲ್ಲಿ ಬೇಕಾದದ್ದು ತೇವಾಂಶದ ಮೀಟರು, ಕಾಳು ಬಲ್ಲ ಮನುಷ್ಯ, ಅವನ ಅಳತೆಯನ್ನು ಎಲ್ಲರೂ ನಂಬುವಂಥ ವ್ಯವಸ್ಥೆ. ಆಮೇಲೆ ಕಂಪ್ಯೂಟರು.

ಮಂಡಿಯಿಂದ ಆಸ್ಪತ್ರೆಗೆ ಹೋಗೋಣ. ಮೊದಲು ಒಂದು ಗೋದಾಮನ್ನು ಊಹಿಸಿಕೊಳ್ಳಿ: ಅಲ್ಲಿ ಒತ್ತಾಗಿ ಜೋಡಿಸಿದ ಚೀಲಗಳಿವೆ, ಒಂದನ್ನೂ ಈಚೆಗೆ ಎಳೆಯುವಂತಿಲ್ಲ. ಅಡ್ಡಸಾಲುಗಳ ಒಟ್ಟು ತೂಕ, ಉದ್ದಸಾಲುಗಳ ಒಟ್ಟು ತೂಕ, ಓರೆಸಾಲುಗಳ ಒಟ್ಟು ತೂಕ ಮಾತ್ರ ಗೊತ್ತು. ಇಂಥ ಮೊತ್ತಗಳು ಸಾಕಷ್ಟು ಸಿಕ್ಕರೆ ನಡುವಿನ ಒಂದೊಂದು ಚೀಲದ ತೂಕವನ್ನೂ ಲೆಕ್ಕದಿಂದಲೇ ಹೇಳಬಹುದು. ಸಿ.ಟಿ. ಸ್ಕ್ಯಾನ್ ಮಾಡುವುದು ಇದನ್ನೇ. ಎಕ್ಸ್-ರೇ ಕಿರಣ ತಲೆಯನ್ನು ನಾನಾ ಕೋನಗಳಿಂದ ಹಾದು ಬರುವಾಗ ದಾರಿಯಲ್ಲಿ ಎಷ್ಟು ಕುಂದಿತು ಎಂಬ ಮೊತ್ತ ಮಾತ್ರ ಸಿಗುತ್ತದೆ. ಉಳಿದದ್ದು ಲೆಕ್ಕ. ಅದರ ಗಣಿತವನ್ನು ಯೋಹಾನ್ ರಾಡಾನ್ 1917ರಲ್ಲೇ ಬರೆದಿದ್ದರು. ಆದರೆ ಅಷ್ಟು ಸಮೀಕರಣಗಳನ್ನು ಕೈಯಲ್ಲಿ ಬಿಡಿಸುವುದು ಯಾರಿಂದಲೂ ಆಗದ ಮಾತು. ಕಂಪ್ಯೂಟರು ಬಂದ ಮೇಲೆ, 1971ರಲ್ಲಿ, ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಎಂಬ ಇಂಜಿನಿಯರ್ ಲಂಡನ್ನಿನಲ್ಲಿ ರೋಗಿಯೊಬ್ಬರ ಮೆದುಳಿನ ಚಿತ್ರ ತೆಗೆದರು. 1979ರಲ್ಲಿ ಅವರಿಗೂ ಭೌತವಿಜ್ಞಾನಿ ಅಲನ್ ಕಾರ್ಮ್ಯಾಕ್ ಅವರಿಗೂ ವೈದ್ಯಕೀಯದ ನೊಬೆಲ್ ಬಂತು. ಇಬ್ಬರಲ್ಲಿ ಒಬ್ಬರೂ ವೈದ್ಯರಲ್ಲ.

ಕಂಪ್ಯೂಟರು ಸರ್ಕಾರಿ ಕಚೇರಿಗೂ ಬಂದಿದೆ. ಜಮೀನಿನ ದಾಖಲೆಯಾದ ಪಹಣಿಯ ವಿಷಯ ಎಲ್ಲರಿಗೂ ಗೊತ್ತಿದೆ. ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು 2 ಕೋಟಿ ದಾಖಲೆಗಳು 'ಭೂಮಿ' ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿದವು, ಆಗ 15 ರೂಪಾಯಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ ಸಿಗುವಂತಾಯಿತು.

ಸಿಇಟಿ ಬರೆದ ಮಕ್ಕಳ ತಂದೆತಾಯಂದಿರಿಗೆ ಒಂದು ಮಾತು, ಏಕೆಂದರೆ ಕಾಲೇಜುಗಳ ಆಯ್ಕೆಯನ್ನು ಯಾವ ಕ್ರಮದಲ್ಲಿ ಬರೆಯಬೇಕೆಂದು ಪ್ರತಿ ವರ್ಷ ನನ್ನನ್ನು ಕೇಳುತ್ತಾರೆ. ಸೀಟು ಹಂಚುವ ತಂತ್ರಾಂಶ ರ್‍ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರ ಪಟ್ಟಿ ತೆಗೆದು, ಅವರಿಗೆ ಅರ್ಹತೆಯಿರುವ, ಇನ್ನೂ ಉಳಿದಿರುವ ಸೀಟುಗಳಲ್ಲಿ ಅವರು ಮೇಲೆ ಬರೆದದ್ದನ್ನು ಕೊಡುತ್ತಾ ಹೋಗುತ್ತದೆ. "ದೊಡ್ಡ ಕಾಲೇಜು ಮೇಲೆ ಹಾಕಿದರೆ ಸಣ್ಣದೂ ತಪ್ಪಿಹೋಗುತ್ತದೆ" ಎಂಬ ಭಯಕ್ಕೆ ಆಧಾರವಿಲ್ಲ. ಮೇಲಿನದು ಸಿಗದಿದ್ದರೆ ತಂತ್ರಾಂಶ ಕೆಳಗಿನದನ್ನು ನೋಡುತ್ತದೆ, ಅಷ್ಟೆ. ಮಗುವಿಗೆ ನಿಜವಾಗಿ ಬೇಕಾದ ಕ್ರಮದಲ್ಲೇ ಆಯ್ಕೆ ತುಂಬಿಸಿ.

ನಮ್ಮ ಸುತ್ತಲೇ ಇನ್ನೂ ಬಿಡಿಸದ ಲೆಕ್ಕಗಳಿವೆ. ಭದ್ರಾ ನಾಲೆಯ ಕೊನೆಯ ಭಾಗದ ರೈತರು, ಹರಿಹರ, ಮಲೇಬೆನ್ನೂರು ಕಡೆಯವರು, ನೀರು ತಲುಪಲಿಲ್ಲವೆಂದು ರಸ್ತೆಗಿಳಿಯುವುದನ್ನು ನೋಡುತ್ತಲೇ ಬಂದಿದ್ದೇವೆ. ಯಾವ ಗೇಟು ಎಷ್ಟು ಹೊತ್ತು ತೆರೆದರೆ, ಯಾವ ಸರದಿಯಲ್ಲಿ ಬಿಟ್ಟರೆ ಕೊನೆಯ ಗದ್ದೆಗೂ ನೀರು ಮುಟ್ಟುತ್ತದೆ ಎಂಬುದು ನಮ್ಮ ಶಾಸ್ತ್ರಕ್ಕೆ ಚೆನ್ನಾಗಿ ಪರಿಚಯವಿರುವ ಜಾತಿಯ ಪ್ರಶ್ನೆ. ಆದರೆ ನಾಲೆ ಎಲ್ಲಿ ಸೋರುತ್ತದೆ, ರಾತ್ರಿ ಎಲ್ಲಿ ಪಂಪು ಹಚ್ಚುತ್ತಾರೆ ಎಂಬುದು ಗೊತ್ತಿರುವುದು ಗೇಟು ಕಾಯುವ ಸೌಡಿಗಳಿಗೆ, ನಮಗಲ್ಲ. ದಾವಣಗೆರೆಯ ಇಂಜಿನಿಯರಿಂಗ್ ಮಕ್ಕಳಲ್ಲಿ ನನ್ನ ಕೋರಿಕೆ ಇಷ್ಟು: ಕೊನೆಯ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತರಬೇಡಿ. ನಾಲೆಯ ಕೊನೆಯ ತೂಬಿನವರೆಗೆ ಹೋಗಿ, ಒಬ್ಬ ಸೌಡಿಯ ಜೊತೆ ಒಂದು ಇಡೀ ಸರದಿ ನಡೆದಾಡಿ, ಆಮೇಲೆ ಕಂಪ್ಯೂಟರ್ ತೆರೆಯಿರಿ.