ಹೆರಿಗೆ ಕೋಣೆಯಲ್ಲಿ ರಕ್ತದ ಲೆಕ್ಕ

ತುಂಬು ಗರ್ಭದಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು 500ರಿಂದ 700 ಮಿಲಿಲೀಟರ್ ರಕ್ತ ಹರಿಯುತ್ತಿರುವುದರಿಂದ, ಮಾಸು ಬಿದ್ದ ಮೇಲೆ ಗರ್ಭಕೋಶವು ಗಟ್ಟಿಯಾಗಿ ಮುದುಡಿ ತೆರೆದ ರಕ್ತನಾಳಗಳನ್ನು ಹಿಸುಕಿ ಮುಚ್ಚದಿದ್ದರೆ, ಅಲ್ಲಿಯವರೆಗೆ ಆರೋಗ್ಯವಾಗಿದ್ದ ಬಾಣಂತಿಯೂ ಒಂದೆರಡು ಗಂಟೆಗಳಲ್ಲಿ ಪ್ರಾಣ ಬಿಡಬಹುದು. ಹೆರಿಗೆಯ ನಂತರ 500 ಮಿಲಿಲೀಟರ್ ಅಥವಾ ಅದಕ್ಕೂ ಹೆಚ್ಚು ರಕ್ತ ಹೋಗುವ ಈ ಸ್ಥಿತಿಯನ್ನು ಪ್ರಸವೋತ್ತರ ರಕ್ತಸ್ರಾವವೆನ್ನುತ್ತಾರೆ. ಇದಕ್ಕೆ ಬೇಕಾದ ಔಷಧಗಳು ಅಪರೂಪದವಲ್ಲ. ತೊಡಕಿರುವುದು ಬಹುಪಾಲು ಗುರುತಿಸುವುದರಲ್ಲಿ. ರಕ್ತವು ಬಟ್ಟೆಯಲ್ಲಿ ಇಂಗಿ, ಗರ್ಭಜಲದೊಡನೆ ಬೆರೆತು, ನೆಲಕ್ಕೆ ಹರಿದುಹೋಗುವುದರಿಂದ ಅನುಭವಿಗಳ ಕಣ್ಣಂದಾಜು ಕೂಡ ಅದನ್ನು ಕಡಿಮೆಯೆಂದೇ ಎಣಿಸುತ್ತದೆ.

ಈ ತೊಡಕಿಗೆ ಒಂದು ಸರಳ ಪರಿಹಾರ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನಲ್ಲಿ ಅಮೆರಿಕದ ಸಂಶೋಧಕರ ಸಹಯೋಗದಿಂದ ರೂಪುಗೊಂಡಿತು. ಬಾಣಂತಿಯ ಕೆಳಗೆ ಹಾಸಿ ಸೊಂಟಕ್ಕೆ ಕಟ್ಟುವ ಪ್ಲಾಸ್ಟಿಕ್ ಹಾಳೆಯು ಆಲಿಕೆಯಂತೆ ಕಿರಿದಾಗಿ ಅಳತೆಯ ಗೆರೆಗಳಿರುವ ಚೀಲದಲ್ಲಿ ಕೊನೆಯಾಗುತ್ತದೆ. ಚೀಲದಲ್ಲಿ ಸೇರಿದ ರಕ್ತದ ಪ್ರಮಾಣ ಎದುರಿಗೇ ಕಾಣುತ್ತದೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ಮಹಿಳೆಯರ ಮೇಲೆ ನಡೆದು 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದೇ ಹಾಳೆ ಬಳಕೆಯಾಯಿತು. ಅಲ್ಲಿ ಹೆರಿಗೆ ಮಾಡಿಸಿದವರು ತಜ್ಞ ವೈದ್ಯರಲ್ಲ, 25 ಮಂದಿ ಸಹಾಯಕ ದಾದಿಯರು. ಅವರು ಕೊಟ್ಟ ಮಿಸೊಪ್ರೊಸ್ಟಾಲ್ ಮಾತ್ರೆ, ಅಂದರೆ ಗರ್ಭಕೋಶವನ್ನು ಮುದುಡಿಸುವ ಔಷಧ, ಅತಿ ರಕ್ತಸ್ರಾವದ ಪ್ರಮಾಣವನ್ನು ಶೇ 12ರಿಂದ ಶೇ 6.4ಕ್ಕೆ ಇಳಿಸಿತು. ಈ ನೆಲದ ದಾದಿಯರ ಈ ಸಾಧನೆ ಇಲ್ಲಿ ಇನ್ನೂ ಹೆಚ್ಚು ಮಂದಿಗೆ ತಿಳಿಯಬೇಕಿತ್ತು.

ಇಂಥ ಅಳತೆಯ ಹಾಳೆಯ ಸುತ್ತಲೇ ಹೆಣೆದ 'ಇ-ಮೋಟಿವ್' ತರಬೇತಿಯನ್ನು ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು 2023ರಲ್ಲಿ ಪ್ರಕಟಿಸಲಾಯಿತು. ರಕ್ತವು ಗೊತ್ತಾದ ಗೆರೆ ಮುಟ್ಟಿದೊಡನೆ ಗರ್ಭಕೋಶವನ್ನು ಹೊಟ್ಟೆಯ ಮೇಲಿಂದ ಉಜ್ಜುವುದು, ಆಕ್ಸಿಟೋಸಿನ್ ಕೊಡುವುದು, ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ ಕೊಡುವುದು, ರಕ್ತನಾಳಕ್ಕೆ ದ್ರವ ಹರಿಸುವುದು, ಗಾಯ ಅಥವಾ ಉಳಿದ ಮಾಸಿಗಾಗಿ ಪರೀಕ್ಷಿಸುವುದು, ಇವನ್ನೆಲ್ಲ ಒಂದು ಫಲಿಸದಿದ್ದರೆ ಮತ್ತೊಂದೆಂದು ಕಾಯದೆ ಒಟ್ಟಿಗೇ ನಡೆಸಬೇಕೆಂಬುದು ಅದರ ತಿರುಳು. ತರಬೇತಿ ಪಡೆದ ಆಸ್ಪತ್ರೆಗಳಲ್ಲಿ ಶೇ 93ರಷ್ಟು ಪ್ರಕರಣಗಳು ಪತ್ತೆಯಾದರೆ ಉಳಿದೆಡೆ ಶೇ 51ರಷ್ಟು ಮಾತ್ರ ಪತ್ತೆಯಾದವು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆ ಮತ್ತು ಸಾವು ಸೇರಿ ಒಟ್ಟು ಅನಾಹುತ ಶೇ 4.3ರ ಬದಲು ಶೇ 1.6ರಷ್ಟಿತ್ತು.

ಹಲವು ಕೈಗಳು ಏಕಕಾಲಕ್ಕೆ ದುಡಿಯಬೇಕಾದ ಈ ಕೆಲಸವನ್ನು ದಾದಿ, ವೈದ್ಯ, ಆಯಾ ಎಲ್ಲರೂ ತಮ್ಮದೇ ಹೆರಿಗೆ ಕೋಣೆಯಲ್ಲಿ, ಬೊಂಬೆಯ ಮೇಲೆ, ಯಾರು ಏನು ಮಾಡಬೇಕೆಂದು ಗಟ್ಟಿಯಾಗಿ ಹೇಳಿಕೊಳ್ಳುತ್ತ ಮತ್ತೆ ಮತ್ತೆ ಅಭ್ಯಾಸ ಮಾಡಿದರಷ್ಟೇ ಅದು ಕೈವಶವಾಗುತ್ತದೆ. ಜಿಲ್ಲಾ ಕೇಂದ್ರದಲ್ಲಿ ಒಮ್ಮೆ ಉಪನ್ಯಾಸ ಕೇಳಿಸಿ ಪ್ರಮಾಣಪತ್ರ ಕೊಟ್ಟು ಕಳುಹಿಸುವುದು ಇದಕ್ಕೆ ಸಾಲದು. ಪಾಳಿಯ ಕೆಲಸದ ನಡುವೆಯೇ ಈ ಅಭ್ಯಾಸಕ್ಕೆ ಸಮಯವನ್ನೂ ಸಾಕಷ್ಟು ಸಿಬ್ಬಂದಿಯನ್ನೂ ಒದಗಿಸುವುದು ಆಸ್ಪತ್ರೆಗಳ ಆಡಳಿತದ ಹೊಣೆ.